ರಾತ್ರಿ ಮನೆಯಲ್ಲಿ ಮಲಗುವ ಸಲುವಾಗಿ



ದಿನವೂ ಕೆಲಸಕ್ಕಾಗಿ ಐವತ್ತು, ನೂರು ಕಿಲೋಮೀಟರು ಹೋಗಿ, ಸಂಜೆ ಅಷ್ಟೇ ದೂರ ಹಿಂದಿರುಗುವವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಒಬ್ಬರಾದರೂ ಇದ್ದೇ ಇರುತ್ತಾರೆ. ಬಹುಶಃ ಆ ಒಬ್ಬರು ನೀವೇ ಆಗಿದ್ದು, ಬಸ್ಸಿನ ಕಿಟಕಿಯ ಪಕ್ಕ ಕುಳಿತು ಈ ಸಾಲುಗಳನ್ನು ಓದುತ್ತಿರಲೂಬಹುದು. ಇಂಥವರನ್ನು ಕಂಡಾಗ ಉಳಿದವರು ಕೇಳುವ ಪ್ರಶ್ನೆ ಒಂದೇ: 'ಇಷ್ಟೊಂದು ಒದ್ದಾಟ ಏಕೆ? ಅಲ್ಲೇ ಒಂದು ಮನೆ ಮಾಡಬಾರದೇ?' ಕೇಳುವವರಿಗೆ ಅದು ಸುಲಭವಾದ ಪ್ರಶ್ನೆ. ಉತ್ತರಿಸಬೇಕಾದವರು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ನಕ್ಕು ಸುಮ್ಮನಿದ್ದೆ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯದಲ್ಲಿ ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕಾದ ಸಂದರ್ಭ ಒದಗಿತು. ಅದಕ್ಕಾಗಿ ಯೋಚಿಸಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬಳ್ಳಾರಿಯಿಂದ ಕೆಂಚನಗುಡ್ಡದ ಬಳಿಯ ಒಂದು ಸರ್ಕಾರಿ ಶಾಲೆಗೆ ಹದಿನೇಳು ವರ್ಷಗಳಿಂದ ಹೋಗಿಬರುತ್ತಿರುವವನು ನಾನು. ಸಿಂಧಿಗೇರಿ, ತೆಕ್ಕಲಕೋಟೆಗಳನ್ನು ದಾಟಿ ಸಿರುಗುಪ್ಪದಲ್ಲಿ ಇಳಿದು, ಅಲ್ಲಿಂದ ಸಿಕ್ಕ ವಾಹನ ಹಿಡಿದು ತುಂಗಭದ್ರೆಯ ದಡದ ಆ ಊರನ್ನು ಸೇರಬೇಕು. ಸಿರುಗುಪ್ಪಕ್ಕೆ ರೈಲುಹಳಿ ಇಲ್ಲ, ಇರುವುದು ಬಸ್ಸೊಂದೇ. ಒಂದು ಕಡೆಗೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರು, ಕಾಯುವ ಹೊತ್ತೂ ಸೇರಿ ಎರಡು ಗಂಟೆ. ಒಮ್ಮೆ ಏಳನೆಯ ತರಗತಿಗೆ ಗುಣಾಕಾರದ ಲೆಕ್ಕವಾಗಿ ಇದನ್ನೇ ಕೊಟ್ಟೆ. ವರ್ಷಕ್ಕೆ 220 ದಿನ ಶಾಲೆ, ದಿನಕ್ಕೆ 120 ಕಿಲೋಮೀಟರು. ಹಾಗಾದರೆ ಮೇಷ್ಟ್ರು ಹದಿನೇಳು ವರ್ಷದಲ್ಲಿ ಹೋದ ದೂರವೆಷ್ಟು? ನಾಲ್ಕೂವರೆ ಲಕ್ಷ ಕಿಲೋಮೀಟರಿಗೆ ತುಸು ಕಡಿಮೆ ಎಂದು ಉತ್ತರ ಬಂತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಚಂದ್ರನಿಗೆ 3,84,000 ಕಿಲೋಮೀಟರು ಎಂದು ನೀವೇ ಹೇಳಿಕೊಟ್ಟಿದ್ದೀರಿ, ಹಾಗಾದರೆ ನೀವು ಚಂದ್ರನನ್ನೂ ದಾಟಿ ಹೋಗಿದ್ದೀರಿ ಎಂದ. ತರಗತಿಯೆಲ್ಲ ನಕ್ಕಿತು. ಹೊತ್ತಿನ ಲೆಕ್ಕವನ್ನು ನಾನು ಮಕ್ಕಳಿಗೆ ಕೊಡಲಿಲ್ಲ. ಅದನ್ನು ಬಸ್ಸಿನಲ್ಲಿ ಒಬ್ಬನೇ ಮಾಡಿದೆ: ಹಗಲು ರಾತ್ರಿಗಳನ್ನು ಸೇರಿಸಿ ಎಣಿಸಿದರೆ ಒಂದು ವರ್ಷ ಎಂಟು ತಿಂಗಳು. ನನ್ನ ಆಯುಷ್ಯದ ಅಷ್ಟು ಭಾಗ ಒಂದೇ ರಸ್ತೆಯ ಮೇಲೆ ಕಳೆದಿದೆ.

ಆ ರಸ್ತೆಯ ತೆಕ್ಕಲಕೋಟೆಯನ್ನು ದಾಟುವಾಗಲೆಲ್ಲ ಗುಡ್ಡಗಳತ್ತ ನೋಡುತ್ತೇನೆ. 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿ, ನವಶಿಲಾಯುಗದ ಜನ ಆ ಬಂಡೆಗಳ ನಡುವೆ ಗುಡಿಸಲು ಕಟ್ಟಿಕೊಂಡು ಬಾಳಿದ್ದನ್ನು ಬೆಳಕಿಗೆ ತಂದರು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಆ ಜನರ ದನಕರು, ಬೀಸುಗಲ್ಲು, ಕಲ್ಲಿನ ಕೊಡಲಿ, ಕಡೆಗೆ ಅವರ ಸಮಾಧಿಗಳು ಕೂಡ ಮನೆಯ ಅಂಗಳದ ಆಸುಪಾಸಿನಲ್ಲೇ ಇದ್ದವು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಎಂಬುವರು 1994ರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಮನುಷ್ಯ ಯಾವ ಕಾಲದಲ್ಲೇ ಇರಲಿ, ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ಓಡಾಟವನ್ನು ಮಾತ್ರ ಸಹಿಸುತ್ತಾನೆ ಎಂಬುದು ಅದರ ಸಾರ. ಗಂಟೆಗೆ ಐದು ಕಿಲೋಮೀಟರು ನಡೆಯುವವನು ಅರ್ಧ ಗಂಟೆ ಹೋಗಿ ಅರ್ಧ ಗಂಟೆ ಬರಬೇಕಾದರೆ ಅವನ ಹೊಲ ಎರಡೂವರೆ ಕಿಲೋಮೀಟರಿನೊಳಗೆ ಇರಬೇಕು. ನಮ್ಮ ಹಳ್ಳಿಗಳ ಹೊಲಗಳನ್ನು ಅಳೆದು ನೋಡಿ, ಬಹುಮಟ್ಟಿಗೆ ಈ ಮಾತು ನಿಜವಾಗುತ್ತದೆ. ವಾಹನದ ವೇಗ ಹೆಚ್ಚಿದಾಗ ಮನುಷ್ಯನಿಗೆ ಉಳಿತಾಯವಾದದ್ದು ಸಮಯವಲ್ಲ. ಅವನು ಇನ್ನಷ್ಟು ದೂರ ಹೋಗತೊಡಗಿದ, ಅಷ್ಟೇ.

ಆದರೆ ಒಂದು ಗಂಟೆಯ ಆ ಮಿತಿಯನ್ನು ಮೀರಿ ನಾಲ್ಕು, ಐದು ಗಂಟೆ ಕೊಡುವವರ ಮಾತೇನು? 2004ರಲ್ಲಿ ಅಲೋಯಿಸ್ ಸ್ಟುಟ್ಜರ್, ಬ್ರೂನೋ ಫ್ರೈ ಎಂಬ ಸ್ವಿಟ್ಜರ್ಲೆಂಡಿನ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಿದರು. ದೂರ ಹೋಗುವವನಿಗೆ ಹೆಚ್ಚು ಸಂಬಳವೋ ಒಳ್ಳೆಯ ಮನೆಯೋ ಸಿಕ್ಕಿ ಲೆಕ್ಕ ಸರಿದೂಗಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ. ಅವರು ಕಂಡದ್ದು ಬೇರೆ: ಪ್ರಯಾಣದ ಹೊತ್ತು ಹೆಚ್ಚಿದಷ್ಟೂ ಬಾಳಿನ ಬಗೆಗಿನ ಸಂತೃಪ್ತಿ ತಗ್ಗಿತ್ತು. ಜನ ತಮ್ಮ ಲೆಕ್ಕದಲ್ಲಿ ತಪ್ಪುತ್ತಿದ್ದಾರೆ ಎಂದು ಅದನ್ನು ಓದಿದವರಿಗೆ ಅನ್ನಿಸುವುದು ಸಹಜ. ನನಗೆ ಹಾಗೆ ಅನ್ನಿಸುವುದಿಲ್ಲ. ಜರ್ಮನಿಯ ಪ್ರಯಾಣಿಕನ ಮುಂದೆ ಹೋಲಿಕೆಗೆ ಇದ್ದದ್ದು ಕೆಲಸದ ಪಕ್ಕದ ಮನೆ. ನಮ್ಮ ಕಡೆಯ ಪ್ರಯಾಣಿಕನ ಮುಂದಿರುವ ಹೋಲಿಕೆಯೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಬಸ್ಸಿನೊಳಕ್ಕೆ ಒಮ್ಮೆ ಬನ್ನಿ. ಬೆಳಿಗ್ಗೆ ಬಳ್ಳಾರಿಯಿಂದ ಹೊರಡುವವರಲ್ಲಿ ನನ್ನಂಥ ಶಿಕ್ಷಕರು, ಬ್ಯಾಂಕಿನವರು, ಆರೋಗ್ಯ ಕೇಂದ್ರದ ದಾದಿಯರು, ಗ್ರಾಮ ಪಂಚಾಯಿತಿಯ ನೌಕರರು ಇರುತ್ತಾರೆ. ಎದುರಿನಿಂದ ಬರುವ ಬಸ್ಸಿನಲ್ಲಿ ಹಳ್ಳಿಗಳಿಂದ ನಗರಕ್ಕೆ ಹೋಗುವವರು: ಕಾಲೇಜಿನ ಮಕ್ಕಳು, ಜೀನ್ಸ್ ಹೊಲಿಯುವ ಘಟಕಗಳ ಹೆಣ್ಣುಮಕ್ಕಳು, ಬಟ್ಟೆ ಅಂಗಡಿಯ ಹುಡುಗರು, ಆಸ್ಪತ್ರೆಯ ಆಯಾಗಳು. ಕುರುಗೋಡಿನ ಕಡೆಯ ಹುಡುಗರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿಗೆ ಹೊರಟಿರುತ್ತಾರೆ. ದಾರಿಯ ಮಧ್ಯದಲ್ಲೆಲ್ಲೋ ಈ ಎರಡು ಬಸ್ಸುಗಳು ಒಂದನ್ನೊಂದು ದಾಟುತ್ತವೆ. ಇವರು ಅಲ್ಲಿಯೂ ಅವರು ಇಲ್ಲಿಯೂ ಇದ್ದುಬಿಟ್ಟರೆ ಎರಡು ಬಸ್ಸೂ ಬೇಡವಲ್ಲ ಎಂದು ನಮ್ಮ ನಿರ್ವಾಹಕರೊಬ್ಬರು ತಮಾಷೆ ಮಾಡುತ್ತಿದ್ದರು.

ಇವರಲ್ಲಿ ಯಾರನ್ನು ಕೇಳಿದರೂ ನಾನು ಇಷ್ಟು ದೂರ ಓಡಾಡಲು ತೀರ್ಮಾನಿಸಿದೆ ಎಂದು ಹೇಳುವುದಿಲ್ಲ. ದೂರದ ಪ್ರಯಾಣ ಯಾವಾಗಲೂ 'ಸದ್ಯಕ್ಕೆ' ಎಂಬ ಪದದಿಂದ ಆರಂಭವಾಗುತ್ತದೆ. ಸದ್ಯಕ್ಕೆ ಹೋಗಿಬರೋಣ, ಮುಂದಿನ ವರ್ಷ ವರ್ಗಾವಣೆ ಆಗಬಹುದು. ಸದ್ಯಕ್ಕೆ, ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ. ಸದ್ಯಕ್ಕೆ, ತಾಯಿಯವರು ಇರುವವರೆಗೆ. ಈ ಕೊನೆಯ ಮಾತನ್ನು ಪೂರ್ಣ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಗಂಡನ ಕೆಲಸ ಒಂದು ಊರಿನಲ್ಲಿ, ಹೆಂಡತಿಯ ಕೆಲಸ ಇನ್ನೊಂದರಲ್ಲಿ, ಮಕ್ಕಳ ಶಾಲೆ, ವೃದ್ಧರ ವೈದ್ಯರು ಮತ್ತೊಂದರಲ್ಲಿ. ಈ ತ್ರಿಕೋನದ ನಡುವೆ ಮನೆ ಎಲ್ಲಿರಬೇಕು? ಯಾರ ಕಾಲಿಗೆ ಬಲವಿದೆಯೋ ಅವರು ದೂರ ಹೋಗುವುದು, ಬಲವಿಲ್ಲದವರ ಬಳಿ ಮನೆ ಇರುವುದು ಎಂದು ಕುಟುಂಬಗಳು ಮಾತಿಲ್ಲದೆ ಒಪ್ಪಿಕೊಂಡಿರುತ್ತವೆ. ನಮ್ಮ ಮನೆಯಲ್ಲಿಯೂ ಆದದ್ದು ಅದೇ.

ಇನ್ನು ಸಿರುಗುಪ್ಪದ ಸೀಮೆಯ ಮಾತು. ನೀರು ಮನುಷ್ಯರಿದ್ದಲ್ಲಿಗೆ ನಡೆದು ಬಂದ ನಾಡು ಇದು. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಅರಸರ ಕಾಲದವು. 1953ರಲ್ಲಿ ತುಂಗಭದ್ರಾ ಜಲಾಶಯವಾದ ಮೇಲೆ ಕೆಳಮಟ್ಟದ ಕಾಲುವೆಯೂ ಈ ಭಾಗಕ್ಕೆ ಬಂತು. ಭತ್ತ, ಹತ್ತಿ, ಮೆಣಸಿನಕಾಯಿ, ಸಾಲುಸಾಲಾಗಿ ಅಕ್ಕಿ ಗಿರಣಿಗಳು. ಹೊರಗಿನಿಂದ ನೋಡಿದವರು ಇಲ್ಲಿ ಕೆಲಸಕ್ಕೆ ಕೊರತೆಯೇ ಎಂದು ಕೇಳಿಯಾರು. ಆದರೆ ನಾಟಿ, ಕಳೆ, ಕೊಯ್ಲು ಎಲ್ಲವೂ ಕೆಲವು ವಾರಗಳ ಕೆಲಸ; ಕೊಯ್ಲಿಗೆ ಈಗ ಯಂತ್ರ ಬಂದಿದೆ. ಎರಡನೆಯ ಬೆಳೆಗೆ ನೀರು ಬಿಡದ ವರ್ಷವಂತೂ ಭೂಮಿ ಇಲ್ಲದವನಿಗೆ ಆರು ತಿಂಗಳು ಏನೂ ಇರುವುದಿಲ್ಲ. ಆಗ ಊರು 'ಗುಳೆ' ಹೋಗುತ್ತದೆ. ನಮ್ಮ ಭಾಗದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬೀಗ, ಮುದುಕರಿಗೆ ಒಂದಷ್ಟು ಅಕ್ಕಿ, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು. ಬೆಂಗಳೂರೋ ಮುಂಬಯಿಯೋ ಗೋವೆಯೋ. ಕಟ್ಟುತ್ತಿರುವ ಕಟ್ಟಡದ ಬುಡದಲ್ಲಿ ತಗಡಿನ ಮನೆ. ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿವರ್ಷ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ತಿಂಗಳುಗಟ್ಟಲೆ ಸಾಲಾಗಿ ನಿಲ್ಲುವುದು ಇದರಿಂದಲೇ.

ಆದ್ದರಿಂದ, ಓದುಗರೇ, ಇಲ್ಲಿಯ ಮನುಷ್ಯ ತನ್ನ ಮುಂದೆ ಇಟ್ಟುಕೊಂಡು ತೂಗುವುದು ಹತ್ತಿರದ ಕೆಲಸ ಮತ್ತು ದೂರದ ಕೆಲಸ ಎಂಬ ಎರಡನ್ನಲ್ಲ. ಒಂದು ತಟ್ಟೆಯಲ್ಲಿ ಗುಳೆ, ಇನ್ನೊಂದರಲ್ಲಿ ಬಸ್ಸು. ಬಸ್ಸು ಎಷ್ಟೇ ದೂರದ್ದಾಗಿರಲಿ, ಎಷ್ಟೇ ಕಿಕ್ಕಿರಿದಿರಲಿ, ಸಂಜೆ ಮನೆಗೆ ತಂದು ಬಿಡುತ್ತದೆ. ಸ್ವಂತ ಒಲೆಯ ರೊಟ್ಟಿ, ಸ್ವಂತ ಚಾಪೆ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಎಬ್ಬಿಸುವ ಕೈ ಇವೆಲ್ಲ ಆ ಟಿಕೆಟ್ಟಿನಲ್ಲಿ ಸೇರಿವೆ.

ಹೀಗೆ ತೂಗಿದವರು ನಮ್ಮ ನಾಡಿನಲ್ಲಿ ಬೇರೆ ಕಡೆಯೂ ಇದ್ದಾರೆ. ಕೋಲಾರದ ಚಿನ್ನದ ಗಣಿಗಳ ಕಥೆ ನಿಮಗೆ ತಿಳಿದದ್ದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ಮುಚ್ಚಿತು. ಊರಿನ ಅನ್ನದ ದಾರಿ ಒಂದೇ ದಿನ ಕಡಿಯಿತು. ಊರು ಖಾಲಿಯಾಗಬೇಕಿತ್ತು, ಆಗಲಿಲ್ಲ. ಅಲ್ಲಿಯ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡರು. ತಂದೆ ಪಂಜರದಲ್ಲಿ ನಿಂತು ಭೂಮಿಯೊಳಕ್ಕೆ ಮೂರು ಕಿಲೋಮೀಟರು ಇಳಿಯುತ್ತಿದ್ದ, ಮಗ ರೈಲಿನಲ್ಲಿ ನಿಂತು ನೂರರ ಸಮೀಪ ಕಿಲೋಮೀಟರು ಹೋಗುತ್ತಾನೆ. ಇಬ್ಬರೂ ಬೆಳಕು ಹರಿಯುವ ಮುನ್ನ ಮನೆ ಬಿಟ್ಟವರೇ. ಗಣಿ ಮುಚ್ಚಿದರೂ ಅವರು ಊರು ಬಿಡದಿದ್ದುದಕ್ಕೆ ಬೆಂಗಳೂರಿನ ಬಾಡಿಗೆ ಒಂದು ಕಾರಣ. ತಲೆಮಾರುಗಳಿಂದ ಬಾಳಿದ ಸಾಲುಮನೆ, ಅಜ್ಜ ಅಜ್ಜಿಯರ ಸಮಾಧಿ, ನೂರು ವರ್ಷ ದಾಟಿದ ದೇವಾಲಯದ ಗಂಟೆ, ಹೆಸರು ಹಿಡಿದು ಕೂಗುವ ನೆರೆಹೊರೆ, ಇವು ಇನ್ನೊಂದು ಕಾರಣ. ರೈಲ್ವೆಯವರ ಮಾಸಿಕ ಸೀಸನ್ ಟಿಕೆಟ್ಟಿನ ಅಗ್ಗದ ದರ ಇದಕ್ಕೆ ಊರುಗೋಲಾಯಿತು. ಆ ಟಿಕೆಟ್ಟು 150 ಕಿಲೋಮೀಟರಿನವರೆಗೆ ಸಿಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವವರಿದ್ದಾರೆಂದರೆ ಮೈಸೂರು ಆ ಮಿತಿಯೊಳಗೆ ಬಿದ್ದಿರುವುದೂ ಒಂದು ಕಾರಣ. ಮನುಷ್ಯನ ಸಹನೆಯ ಗಡಿಯನ್ನು ಕೆಲವೊಮ್ಮೆ ಟಿಕೆಟ್ಟಿನ ನಿಯಮವೇ ಎಳೆಯುತ್ತದೆ!

ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಇದನ್ನೇ ಮತ್ತೊಮ್ಮೆ ಕಂಡೆ. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿತೆಂದು ನಾವು ಹಳೆಯ ಪ್ರಯಾಣಿಕರು ಗೊಣಗಿದ್ದು ನಿಜ. ಆದರೆ ಅಂಗಡಿಯಲ್ಲಿ ದುಡಿಯುವ ಹೆಣ್ಣುಮಗಳ ದಿನಗೂಲಿಯಲ್ಲಿ ಎರಡು ಕಡೆಯ ಬಸ್ ಚಾರ್ಜನ್ನು ಕಳೆದು ನೋಡಿ. ಮೊದಲು ಹೋಗುವುದರಲ್ಲಿ ಅರ್ಥವೇ ಇಲ್ಲದ ಎಷ್ಟೋ ಕೆಲಸಗಳು ಆ ಶೂನ್ಯ ಟಿಕೆಟ್ಟಿನಿಂದ ಅರ್ಥವುಳ್ಳವಾದವು. ಹಣದ ಬದಲು ಅವರು ಈಗ ಸಮಯವನ್ನು ಮಾತ್ರ ತೆರುತ್ತಿದ್ದಾರೆ.

ನಾವು ಕ್ರೈಸ್ತರು ಈ ವಿಷಯವನ್ನು ಯೋಚಿಸುವಾಗ ನಜರೇತನ್ನು ನೆನೆಯದೆ ಇರಲಾಗದು. ಪ್ರಭು ಯೇಸುವಿನ ಬಾಲ್ಯದ ಕಾಲಕ್ಕೆ ಅರಸ ಹೆರೋದ ಅಂತಿಪಾಸನು ನಜರೇತಿಗೆ ಸುಮಾರು ಆರು ಕಿಲೋಮೀಟರು ದೂರದ ಸೆಫೋರಿಸ್ ಎಂಬ ಪಟ್ಟಣವನ್ನು ಹೊಸದಾಗಿ ಕಟ್ಟಿಸುತ್ತಿದ್ದನು. ಶುಭಸಂದೇಶಗಳು ಆ ಊರಿನ ಹೆಸರೆತ್ತುವುದಿಲ್ಲ. ಆದರೂ ಅಂಥ ಪುಟ್ಟ ಹಳ್ಳಿಯಲ್ಲಿ ಒಬ್ಬ ಬಡಗಿಗೆ ಸಾಲುವಷ್ಟು ಕೆಲಸ ಇದ್ದಿರಲಾರದು. ಸಂತ ಜೋಸೆಫರು, ಮುಂದೆ ಅವರ ಮಗ, ಆ ಪಟ್ಟಣಕ್ಕೆ ನಡೆದು ಹೋಗಿ ಸಂಜೆ ಹಿಂದಿರುಗುತ್ತಿದ್ದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ನನಗೆ ಈ ಊಹೆ ಬಹಳ ಪ್ರಿಯ. ನಮ್ಮ ದೇವಾಲಯಗಳ ಚಿತ್ರಗಳಲ್ಲಿ ಪವಿತ್ರ ಕುಟುಂಬ ಯಾವಾಗಲೂ ಮನೆಯ ಅಂಗಳದಲ್ಲೇ ಇರುತ್ತದೆ: ತಂದೆ ಮರ ಕೊರೆಯುತ್ತಾರೆ, ತಾಯಿ ನೂಲುತ್ತಾರೆ, ಮಗು ನೋಡುತ್ತಿರುತ್ತದೆ. ಉಪಕರಣದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕತ್ತಲಾಗುವ ಮುನ್ನ ಊರು ಸೇರಬೇಕೆಂದು ಬಿರುಸಾಗಿ ಹೆಜ್ಜೆ ಹಾಕುವ ಜೋಸೆಫರ ಚಿತ್ರವನ್ನು ಯಾರೂ ಬರೆದಂತೆ ಕಾಣೆ. ಬಾಗಿಲಲ್ಲಿ ನಿಂತು ದಾರಿ ನೋಡುವ ಮರಿಯಮ್ಮನವರ ಚಿತ್ರವೂ ಬೇಕಾಗಿದೆ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನೂ ನಾನು ಈಗ ಬೇರೆಯಾಗಿ ಓದುತ್ತೇನೆ. ಸಂಜೆ ಐದು ಗಂಟೆಯವರೆಗೂ ಪೇಟೆಯಲ್ಲಿ ನಿಂತೇ ಇದ್ದವರ ಬಗ್ಗೆ ಪ್ರಸಂಗಗಳಲ್ಲಿ ಬಹಳ ಕೇಳಿದ್ದೇವೆ. ಅವರಿಗೂ ಪೂರ್ಣ ಕೂಲಿ ದೊರೆತ ಔದಾರ್ಯವನ್ನು ಧ್ಯಾನಿಸಿದ್ದೇವೆ. ಅವರು ಮಧ್ಯಾಹ್ನವೇ ಏಕೆ ಮನೆಗೆ ಹೋಗಲಿಲ್ಲ? ಬಳ್ಳಾರಿಯ ವೃತ್ತಗಳಲ್ಲಿ ಬೆಳಿಗ್ಗೆ ಬುತ್ತಿ, ಕರಣೆ ಹಿಡಿದು ನಿಲ್ಲುವವರನ್ನು ನೋಡಿದವರಿಗೆ ಉತ್ತರ ಗೊತ್ತು. ದೂರದಿಂದ ಬಂದವನಿಗೆ ಬರಿಗೈಯಲ್ಲಿ ಹಿಂದಿರುಗುವ ದಾರಿ ಬಂದ ದಾರಿಗಿಂತ ಉದ್ದ.

ಹಾಗೆಂದು ದೂರದ ಪ್ರಯಾಣವನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಅದರ ಬೆಲೆಯನ್ನು ತೆರುವವರು ಪ್ರಯಾಣಿಕರಷ್ಟೇ ಅಲ್ಲ. ನಾನು ಪಾಠ ಹೇಳುವ ಊರಿನ ಹಿರಿಯರೊಬ್ಬರು ಒಮ್ಮೆ, "ನೀವು ಬಸ್ಸಿನ ಜೊತಿಗೇ ಬರ್ತೀರಿ, ಬಸ್ಸಿನ ಜೊತಿಗೇ ಹೋಗ್ತೀರಿ ಸರ್, ಊರು ನಿಮಗ ಯಾವಾಗ ಕಾಣಬೇಕು?" ಎಂದಿದ್ದರು. ನೌಕರ ಕೇಂದ್ರಸ್ಥಾನದಲ್ಲೇ ವಾಸಿಸಬೇಕೆಂಬ ಸರ್ಕಾರದ ನಿಯಮದ ಹಿಂದಿರುವುದೂ ಇದೇ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ. ಕೂಲಿಗೆ ಹೋಗುವ ಹೆಂಗಸರನ್ನು ಸರಕಿನ ಟೆಂಪೋಗಳಲ್ಲಿ, ಟಂಟಂಗಳಲ್ಲಿ ಹೇಗೆ ತುಂಬುತ್ತಾರೆಂಬುದು ನಿಮಗೆ ಗೊತ್ತು. ಅಂಥ ವಾಹನ ಮಗುಚಿದ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ಓದುವುದು ನಮಗೆ ರೂಢಿಯಾಗಿಬಿಟ್ಟಿದೆ, ಆಗಬಾರದಿತ್ತು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಸಾರ್ವಜನಿಕ ಸಾರಿಗೆಯ ನೂಕುನುಗ್ಗಲು, ಅನನುಕೂಲ, ಅಭದ್ರತೆಗಳಿಂದ ಜನರ ಘನತೆಗೆ ಧಕ್ಕೆಯಾಗುವುದನ್ನು ಪ್ರಸ್ತಾಪಿಸಿದ್ದಾರೆ. ವಿಶ್ವಾಸದ ಬಗ್ಗೆ ಬರೆಯುವ ಪತ್ರದಲ್ಲಿ ಬಸ್ಸಿನ ಮಾತೇಕೆ ಎಂದು ನಮ್ಮ ಧರ್ಮಕೇಂದ್ರದ ಅಧ್ಯಯನ ಕೂಟದಲ್ಲಿ ಒಬ್ಬರು ಕೇಳಿದರು. ಅವರು ದೇವಾಲಯದ ಎದುರಿನ ಬೀದಿಯಲ್ಲೇ ವಾಸಿಸುವವರು.

ಈಗ ಆ ವಿದ್ಯಾರ್ಥಿನಿಯ ವಿಷಯ. ಅವಳ ತಂದೆ ತೀರ ಚಿಕ್ಕಂದಿನಿಂದ ಗುಳೆಯಲ್ಲೇ ಬೆಳೆದವರು. ಮರಳಿನ ರಾಶಿಯ ಮೇಲೆ ಮಲಗಿ, ಇಟ್ಟಿಗೆ ಎಣಿಸುತ್ತ ಲೆಕ್ಕ ಕಲಿತರೇ ಹೊರತು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮದುವೆಯಾದ ಮೇಲೆ ಏನೇ ಆಗಲಿ ಊರು ಬಿಡಬಾರದೆಂದು ಹಟ ಹಿಡಿದು, ಅವರಿವರ ಹೊಲ, ಗಿರಣಿಯ ಹಮಾಲಿ ಎಂದು ದುಡಿದು ಮಗಳನ್ನು ಓದಿಸಿದರು. ಅವಳು ನರ್ಸಿಂಗ್ ಮುಗಿಸಿದಳು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಬಳ್ಳಾರಿಯಲ್ಲೇ ಹಾಸ್ಟೆಲಿನಲ್ಲಿ ಇರಲೋ, ದಿನವೂ ಹೋಗಿಬರಲೋ? ತಾಯಿಗೆ ರಸ್ತೆಯ ಭಯ, ಮಗಳಿಗೆ ಹಾಸ್ಟೆಲಿನ ಖರ್ಚಿನ ಚಿಂತೆ. ತಂದೆ ನನ್ನನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು: "ಸರ್, ಹದಿನೇಳು ವರ್ಷ ಓಡಾಡಿದವ್ರು ನೀವು. ಹೇಳ್ರಿ, ಮಾಡಬೌದಾ?"

ನಾನು ಮೊದಲು ಕಷ್ಟಗಳನ್ನೇ ಹೇಳಿದೆ. ಬೇಸಿಗೆಯಲ್ಲಿ ಬಸ್ಸಿನ ತಗಡು ಕಾಯ್ದು ಒಲೆಯಂತಾಗುವುದು, ಮಳೆಗಾಲದಲ್ಲಿ ಹಳ್ಳ ಬಂದು ನಿಲ್ಲುವುದು, ಬೆನ್ನು, ಮಂಡಿ, ಮನೆಗೆ ಬಂದ ಮೇಲೆ ಯಾರ ಮಾತೂ ಕಿವಿಗೆ ಬೀಳದಷ್ಟು ದಣಿವು. ದಿನಕ್ಕೆ ನಾಲ್ಕು ಗಂಟೆ ಎಂದರೆ ಇಪ್ಪತ್ತೆರಡರ ಹುಡುಗಿಗೆ ಓದಲು, ಮುಂದಿನ ಪರೀಕ್ಷೆ ಬರೆಯಲು ಉಳಿಯುವ ಹೊತ್ತೇ ಅದು ಎಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ದಿನಾ ಬಂದ್ರ ಮಗಳು ಮನ್ಯಾಗ ಇರ್ತಾಳ ಸರ್. ಅಲ್ಲೇ ಉಳಿದ್ರ ಹಬ್ಬಕ್ಕ ಬರೋ ಬೀಗ್ರಂಗ ಆಗ್ತಾಳ" ಎಂದರು. ಸ್ವಲ್ಪ ಹೊತ್ತಿನ ನಂತರ, "ನಮ್ಮಪ್ಪ ಎಲ್ಲಿ ಸತ್ತ ಅನ್ನೋದು ನನಗ ಹದಿನೈದು ದಿನ ಆದಮ್ಯಾಲೆ ಗೊತ್ತಾತು" ಎಂದರು. ಆ ಮೇಲೆ ನನ್ನಲ್ಲಿ ವಾದ ಉಳಿಯಲಿಲ್ಲ.

ಹಗಲು ಪಾಳಿ ಇದ್ದಾಗ ಹೋಗಿಬರುವುದು, ರಾತ್ರಿ ಪಾಳಿಯ ವಾರಗಳಲ್ಲಿ ಬಳ್ಳಾರಿಯ ನಮ್ಮ ಮನೆಯಲ್ಲಿ ಉಳಿಯುವುದು ಎಂದು ಏರ್ಪಾಡಾಯಿತು. ಈ ಸಲಹೆ ನನ್ನ ಹೆಂಡತಿಯದು. ಅವಳು ಅದನ್ನು ನನ್ನನ್ನು ಕೇಳದೆಯೇ ಹುಡುಗಿಯ ತಾಯಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಒಂದು ವರ್ಷ ಹೀಗೆ ಮಾಡಿ ನೋಡುವುದೆಂದು ಮಾತಾಗಿದೆ. 'ಸದ್ಯಕ್ಕೆ' ಎಂದು ಹುಡುಗಿ ಹೇಳಿದಾಗ ನಾನು ಬೇರೆ ಕಡೆ ನೋಡಿದೆ.

ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಯ ಸುಮಾರಿಗೆ ಅವಳು ಬಳ್ಳಾರಿಯಲ್ಲಿ ಹತ್ತುವ ಬಸ್ಸು, ಸಿರುಗುಪ್ಪದಲ್ಲಿ ತಿರುಗಿ, ಸಂಜೆ ನನ್ನನ್ನು ಊರಿಗೆ ಕರೆದೊಯ್ಯುವ ಬಸ್ಸೇ ಆಗಿದೆ. ನಿಲ್ದಾಣದಲ್ಲಿ ಬಸ್ಸು ನಿಂತೊಡನೆ ಜನ ಕಿಟಕಿಯಿಂದ ಟವೆಲು, ಚೀಲ, ಟಿಫಿನ್ ಡಬ್ಬಿಗಳನ್ನು ಎಸೆದು ಸೀಟು ಹಿಡಿಯುವ ಗದ್ದಲ ನಿಮಗೆ ಪರಿಚಿತವೇ. ನನಗೀಗ ಆ ಕಷ್ಟವಿಲ್ಲ. ಎಲ್ಲರೂ ಇಳಿದರೂ ಅವಳು ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತೇ ಇರುತ್ತಾಳೆ. ನಾನು ಒಳಗೆ ಬರುವವರೆಗೆ ಯಾರು ಗದರಿದರೂ ಏಳುವುದಿಲ್ಲ. ನಂತರ ಎದ್ದು, "ಕೂಡ್ರಿ ಸರ್" ಎಂದು ಹೇಳಿ, ಊರಿನ ವಾಹನ ತಪ್ಪೀತೆಂದು ಓಡುತ್ತಾಳೆ.